ಕಂದು ಬಣ್ಣದ ಕಾವಲು

ನನ್ನ ಗಂಡ ಶರಣಬಸಪ್ಪನವರ ವರದಿಯನ್ನು ಅತ್ತೆ ಮುದಕಮ್ಮ ಇನ್ನೂ ಟ್ರಂಕಿನಲ್ಲಿ ಇಟ್ಟಿದ್ದಾರೆ. ಪ್ಲಾಸ್ಟಿಕ್ ಚೀಲದಲ್ಲಿ, ಇಳಕಲ್ ಸೀರೆಯ ಕೆಳಗೆ. ಅವರಿಗೆ ಓದಲು ಬಾರದು. ಆದರೆ ಎರಡನೆಯ ಪುಟದ ಕೊನೆಯ ಸಾಲು ಎಲ್ಲಿದೆ ಎಂದು ಗೊತ್ತು. ಬೆರಳಿಟ್ಟು ತೋರಿಸಿದವಳು ನಾನೇ.

ಅದು ೨೦೦೬. ನನ್ನ ಗಂಡನ ತೊಡೆಯಲ್ಲಿ ಗಡ್ಡೆಯೊಂದು ಎದ್ದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಅಂಚೆಯಲ್ಲಿ ಬರುತ್ತದೆ, ಬಂದ ಹದಿನೈದು ದಿನದೊಳಗೆ ಹಿಡಿದುಕೊಂಡು ಬನ್ನಿ ಎಂದಿದ್ದರು. ಕುಷ್ಟಗಿ ಬಳಿಯ ನಮ್ಮ ಓಣಿಯಲ್ಲಿ ಇಂಗ್ಲಿಷ್ ಕಾಗದ ಯಾವುದೇ ಬಂದರೂ ನನ್ನ ಹತ್ತಿರ ತರುತ್ತಿದ್ದರು. ಗುಲಬರ್ಗಾದಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿದ ಸೊಸೆ. ಪಕ್ಕದ ಮನೆಯ ಸೈದಾನಬಿ ನಗುತ್ತಿದ್ದಳು: "ನಿನ್ನ ಸೊಸಿ ಓದಿದ್ರ ಅದು ಕಾಗದ, ಮುದಕವ್ವ. ನಮ್ಮ ಕೈಯಾಗ ಬಂದ್ರ ಬಜಿ ಕಟ್ಟೂ ಹಾಳಿ."

ವರದಿ ಬಂದಾಗ ಎಲ್ಲರೂ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ಕ್ಯಾನ್ಸರ್ ಎಂಬುದು ಮೊದಲ ಪುಟದಲ್ಲೇ ಇತ್ತು. ಅದನ್ನು ಹೇಳಿದೆ. ಹೇಳಿದ ಮೇಲೆ ಆ ಮುಖಗಳಿಗೆ ಕೊಡಲು ಏನಾದರೂ ಬೇಕಾಗಿತ್ತು. ಎರಡನೆಯ ಪುಟದಲ್ಲಿ ಸಿಕ್ಕಿತು. ಪಿ-೫೩: ಪ್ರಬಲ ಪಾಸಿಟಿವ್.

ಪಿ-೫೩ ಒಂದು ಪ್ರೋಟೀನು. ಜೀವಕೋಶದೊಳಗೆ ಅದಕ್ಕೆ ಒಂದೇ ಕೆಲಸವಲ್ಲ. ವಂಶವಾಹಿಗೆ ಪೆಟ್ಟು ಬಿದ್ದರೆ ಕೋಶ ಎರಡಾಗುವುದನ್ನು ತಡೆಯುತ್ತದೆ, ದುರಸ್ತಿಗೆ ಕರೆಯುತ್ತದೆ, ದುರಸ್ತಿಯಾಗದಿದ್ದರೆ ಕೋಶಕ್ಕೆ ಸಾಯಲು ಹೇಳುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಅಂಕ ಪಡೆದಿದ್ದೆ.

"ಮೈಯೊಳಗ ಕಾವಲಿನವ್ರು ಇರ್ತಾರ್ರಿ ಅತ್ತಿ," ಎಂದೆ. "ಇವರ ಮೈಯಾಗ ಭಾಳ ಮಂದಿ ಅದಾರ."

ಮುದಕಮ್ಮ ಹುಡುಗಿಯಾಗಿದ್ದಾಗ ಜೋಳದ ಹೊಲದಲ್ಲಿ ಕವಣೆ ಹಿಡಿದು ಹಕ್ಕಿ ಕಾದವರು. ಅವರಿಗೆ ತಕ್ಷಣ ತಿಳಿಯಿತು. ನನ್ನ ಗಂಡ ದಾಳಿಂಬೆ ತೋಟದ ಕಡೆ ನೋಡಿದರು. ಹಣ್ಣು ಕೆಂಪೇರಿತ್ತು.

"ಹಂಗಾರ ಹಣ್ಣು ಹರದು ಹೋದ್ರಾತು," ಎಂದರು.

ನಾನು ಬೇಡವೆನ್ನಲಿಲ್ಲ. ಹದಿನೈದು ದಿನದ ಬದಲು ಐವತ್ತಾರು ದಿನವಾಯಿತು. ಮನೆಯಲ್ಲಿ ಯಾರಿಗೂ ಓದಲು ಬಾರದಿದ್ದರೆ ಕಾಗದ ಬಂದ ಮರುದಿನವೇ ಹುಬ್ಬಳ್ಳಿಗೆ ಹೋಗಿರುತ್ತಿದ್ದೆವು.

ತಡವೇಕೆ ಎಂದು ಡಾಕ್ಟರು ಕೇಳಿದರು. ನಾನು ಆ ಸಾಲನ್ನು ತೋರಿಸಿದೆ. ಅವರು ಸಿಟ್ಟಾಗಲಿಲ್ಲ. ಸರಿಯಾಗಿರುವ ಪಿ-೫೩ ಹುಟ್ಟಿದ ಸ್ವಲ್ಪ ಹೊತ್ತಿಗೇ ಕರಗಿ ಹೋಗುತ್ತದೆ, ಪರೀಕ್ಷೆಯಲ್ಲಿ ಕಂದು ಬಣ್ಣ ಹಾಕಿದರೂ ಕಾಣುವುದು ಕಡಿಮೆ ಎಂದರು. ರೂಪ ಕೆಟ್ಟದ್ದು ಕರಗದೆ ರಾಶಿ ಬೀಳುತ್ತದೆ. ಕಂದಾಗಿ ಎದ್ದು ಕಾಣುವುದು ಅದೇ. ಅದು ತನ್ನ ಕೆಲಸ ಬಿಡುವುದಷ್ಟೇ ಅಲ್ಲ, ಕೆಲವೊಮ್ಮೆ ಗಡ್ಡೆ ಬೆಳೆಯಲು ನೆರವಾಗುತ್ತದೆ. ಆಗಲೇ ಶ್ವಾಸಕೋಶಕ್ಕೂ ಹರಡಿತ್ತು. ಮೊದಲೇ ಬಂದಿದ್ದರೆ ಎಂದು ಕೇಳಿದೆ. ಹೇಳಲು ಬರುವುದಿಲ್ಲ ಎಂದರು.

ಹೊರಗೆ ಬೆಂಚಿನ ಮೇಲೆ ನನ್ನ ಗಂಡ ಕೂತಿದ್ದರು. ಡಾಕ್ಟರಿಗೆಂದು ತಂದ ದಾಳಿಂಬೆಯ ಚೀಲ ನೋವಿಲ್ಲದ ತೊಡೆಯ ಮೇಲಿತ್ತು. ಏನೆಂದರು ಎಂದು ಕೇಳಿದರು. ಔಷಧ ಶುರು ಮಾಡುತ್ತಾರಂತೆ ಎಂದೆ.

ಎಂಟು ತಿಂಗಳಿಗೆ ಹೋದರು. ಮಾತಾಡಿಸಲು ಬಂದವರಿಗೆಲ್ಲ ಮುದಕಮ್ಮ ಹೇಳುತ್ತಿದ್ದರು, ಮಗನ ಮೈಯಲ್ಲಿ ಕಾವಲು ಬಹಳವಿತ್ತು, ಸೊಸೆ ಓದಿ ಹೇಳಿದ್ದಳು, ದೇವರ ಮನಸ್ಸಿಗೇ ಬರಲಿಲ್ಲ ಎಂದು. ನಾನು ಒಳಗೆ ಕೂತು ಕೇಳುತ್ತಿದ್ದೆ.

ಮೂರು ವರ್ಷದ ಮೇಲೆ ಮೈದುನ ಮರಿಸ್ವಾಮಿಯ ತೋಳಿನಲ್ಲಿ ಗಡ್ಡೆ ಎದ್ದಿತು. ಅವನು ಭಾಗ್ಯನಗರದ ಒಂದು ವೆಲ್ಡಿಂಗ್ ಅಂಗಡಿಯಲ್ಲಿದ್ದ. ಅದೇ ಆಸ್ಪತ್ರೆ, ಅದೇ ಪರೀಕ್ಷೆ. ವರದಿ ಹಿಡಿದು ಊರಿಗೆ ಬಂದ. ಮುದಕಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಎರಡನೆಯ ಪುಟ ತಿರುವಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಂದೆ ಹಿಡಿದರು.

"ಇಲ್ಲೈತೆಲ್ಲ?"

"ಐತ್ರಿ."

"ಭಾಳ ಐತೇನ?"

"ಭಾಳ ಐತ್ರಿ."

ಅವರು ನೆಮ್ಮದಿಯ ಉಸಿರು ಬಿಟ್ಟರು. ಮರಿಸ್ವಾಮಿಯೂ ನಕ್ಕ. ಗೇಟುಗಳ ಆರ್ಡರ್ ಇದೆ, ಮುಗಿಸಿ ಮುಂದಿನ ತಿಂಗಳು ಹೋಗುತ್ತೇನೆ ಎಂದ. ಅವನಿಗೆ ಆಗ ಇಪ್ಪತ್ತಾರು.

"ನಾಳೆ ಹೋಗಬೇಕು," ಎಂದೆ. "ನಾ ಅವತ್ತು ತಪ್ಪು ಓದಿದ್ನಿರಿ ಅತ್ತಿ. ಇದು ಕಾವಲಲ್ಲ. ಕೆಟ್ಟುಹೋದ ಕಾವಲು. ಕೆಟ್ಟಿದ್ದಕ್ಕ ಹಿಂಗ ಕಾಣತೈತಿ."

ಮುದಕಮ್ಮ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

"ಕಾಯಾಂವನ ತೆನಿ ಮುರದ ಅನ್ನು."

"ಹೌದ್ರಿ."

"ನಿನಗ ಯಾವಾಗ ಗೊತ್ತಾತು?"

"ಹುಬ್ಬಳ್ಳ್ಯಾಗ. ಅವರು ಹೊರಗ ಕುಂತಿದ್ರು."

"ಅವಗ ಹೇಳಿದಿ?"

"ಇಲ್ಲರಿ."

ಮರಿಸ್ವಾಮಿ ತನ್ನ ತೋಳನ್ನು ನೋಡಿಕೊಂಡ. "ವೈನಿ," ಎಂದ. ಮುದಕಮ್ಮ ಎದ್ದು ಒಳಗೆ ಹೋದರು. ಟ್ರಂಕು ತೆರೆದ ಸದ್ದು ಕೇಳಿತು, ಬಹಳ ಹೊತ್ತು ಮುಚ್ಚಿದ ಸದ್ದು ಕೇಳಲಿಲ್ಲ. ಆ ದಿನ ರೊಟ್ಟಿ ನಾನೇ ಬಡಿದೆ. ಅವರು ಉಣ್ಣಲಿಲ್ಲ.

ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದೆ. ಹೋಗುವವರು ತಾಯಿ, ಮಗ ಇಬ್ಬರೇ ಎಂದುಕೊಂಡಿದ್ದೆ. ಮರಿಸ್ವಾಮಿ ಚೀಲ ಹಿಡಿದು ರಸ್ತೆಗೆ ಇಳಿದಿದ್ದ. ಮುದಕಮ್ಮ ನಾಲ್ಕು ಹೆಜ್ಜೆ ಹೋಗಿ ನಿಂತರು. ನನ್ನ ಕಡೆ ತಿರುಗಲಿಲ್ಲ.

"ಓದಬ್ಯಾಡ," ಎಂದರು. "ಸಂಗಾಟ ಬಾ."

ಕುಷ್ಟಗಿಯಲ್ಲಿ ಹುಬ್ಬಳ್ಳಿ ಬಸ್ಸು ಸಿಕ್ಕಿತು. ಮೂವರ ಸೀಟಿನಲ್ಲಿ ಅವರು ನನ್ನ ಮತ್ತು ಮರಿಸ್ವಾಮಿಯ ನಡುವೆ ಕೂತರು. ಎರಡೂ ವರದಿಗಳು ಅವರ ಮಡಿಲಲ್ಲಿದ್ದವು.