ಅಟ್ಟದ ಮೇಲಿನ ತಮಟೆ

ಯಲ್ಲಯ್ಯ ಹಿತ್ತಲಲ್ಲಿ ಹುಲ್ಲಿನ ಬೆಂಕಿ ಮಾಡಿ, ತಮಟೆಯ ಮುಖವನ್ನು ಅದಕ್ಕೆ ಹಿಡಿದು ನಿಂತಿದ್ದ. ಮುಂದೆ ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಚಟ್ಟ ಅವನ ಒಬ್ಬನೇ ಮಗ ಸಂಜೀವಯ್ಯನಿಗೆ. ಮೂವತ್ತಾರು ವರ್ಷ, ಕಾಮಾಲೆ. ಕಾಮಾಲೆಯ ಹಿಂದೆ ಕುಡಿತವಿತ್ತೆಂದು ಸುದ್ದಗುಂಟೆಪಾಳ್ಯದ ನಾಯಿನರಿಗೂ ಗೊತ್ತಿತ್ತು. ಹೆಣದ ಮುಂದೆ ಮಾತ್ರ ಎಲ್ಲರೂ ಮರ್ಯಾದೆಯಾಗಿ ಕಾಮಾಲೆ ಎನ್ನುತ್ತಿದ್ದರು.

ತಮಟೆ ಕಾಯಿಸುವುದಕ್ಕೆ ತಾಳ್ಮೆ ಬೇಕು. ಚರ್ಮ ಬಿಗಿಯಾಗುವಷ್ಟು ಕಾಯಬೇಕು, ಒಂದು ಗಳಿಗೆ ಹೆಚ್ಚಾದರೆ ಸೀಳಿಹೋಗುತ್ತದೆ. ನಲವತ್ತು ವರ್ಷ ಸಾವಿನ ಮನೆಗಳ ಮುಂದೆ ಬಾರಿಸಿದ ಯಲ್ಲಯ್ಯ ಒಂದೇ ಒಂದು ಚರ್ಮವನ್ನೂ ಸೀಳಿಸಿದವನಲ್ಲ. ಈಗ ಹನ್ನೊಂದು ವರ್ಷದಿಂದ ಮುಟ್ಟಿದವನೂ ಅಲ್ಲ. ಮುಟ್ಟುವುದಿಲ್ಲ ಎಂದು ಕೇರಿಗೆ ಕೇರಿಯೇ ಆಣೆ ಮಾಡಿತ್ತು. ಆಣೆ ಮಾಡಿಸಿದವನು ಇದೇ ಮಗ.

ಕೇರಿಯ ಹಿರಿಯ ಪಾಪಯ್ಯ ಹೊಗೆ ನೋಡಿ ಓಡಿಬಂದ. "ಯಲ್ಲಣ್ಣ, ಏನಿದು? ಎಲ್ಲಿತ್ತು ಇದು?"

"ಅಟ್ಟದ ಮೇಲೆ. ನಮ್ಮಪ್ಪಂದು."

"ಎಲ್ಲಾರೂ ಕೆರೆಗೆ ಎಸೆದಾಗ ನೀನು ಬಚ್ಚಿಟ್ಕೊಂಡಿದ್ಯಾ?"

"ಹೂಂ, ಬಚ್ಚಿಟ್ಕೊಂಡಿದ್ದೆ. ಏನೀಗ? ಕಂಡೋರ ಹೆಣಕ್ಕೆಲ್ಲಾ ಬಾರಿಸಿದ ಕೈ ಇದು. ನನ್ನ ಮಗ ಸದ್ದಿಲ್ದಂಗೆ ಹೋಗ್ಬೇಕಾ?"

"ಇವತ್ತು ಬಾರಿಸಿದ್ರೆ ನಾಳೆ ಗೌಡರೂ ಕರೀತಾರಣ್ಣ. ಮಗನಿಗೆ ಬಾರಿಸ್ದೆ, ನಮಗ್ಯಾಕಿಲ್ಲ ಅಂತಾರೆ. ಅವನು ಬಿಡಿಸಿದ್ದನ್ನ ಅವನ ಹೆಣದ ಮುಂದೇನೇ ಹಿಡೀತೀಯಾ?"

"ಹಿಡೀತೀನಿ."

ಪಾಪಯ್ಯ ಬೆಂಕಿಯ ಆಚೆ ಕುಕ್ಕರುಗಾಲಲ್ಲಿ ಕೂತ. ಮಗನನ್ನು ಕಳೆದುಕೊಂಡವನ ಕೈಯಿಂದ ತಮಟೆ ಕಿತ್ತುಕೊಳ್ಳಲು ಅವನಿಗೂ ಮನಸ್ಸು ಬರಲಿಲ್ಲ.

*

ಎಪ್ಪತ್ತೈದನೇ ಇಸವಿಯಲ್ಲಿ ಊರಿನ ದೊಡ್ಡ ಗೌಡ, ಈಗಿನ ಗೌಡ ಬೈರಣ್ಣನ ಅಪ್ಪ, ಸತ್ತ. ಎಂದಿನಂತೆ ಆಳು ಬಂದು ಕೇರಿಯ ಬಾಯಲ್ಲಿ ನಿಂತು ಕೂಗಿದ. ಗಂಡಸರು ತಮಟೆ ಕಾಯಿಸುತ್ತಿದ್ದಾಗ ಸಂಜೀವ, ಹೆಗಲ ತನಕ ಕೂದಲು ಬಿಟ್ಟವನು, ಬೆಂಕಿಗೆ ಅಡ್ಡ ನಿಂತ.

"ಅವರ ಮನೆ ಮದುವೇಲಿ ಯಾವತ್ತಾದ್ರೂ ನಮ್ಮನ್ನ ಒಳಗೆ ಕರೆದವ್ರಾ? ಸತ್ರೆ ಮಾತ್ರ ನಾವು ಬೇಕಾ?"

ಸಂಜೆಯೊಳಗೆ ಹನ್ನೆರಡು ತಮಟೆ ಕೆರೆಯ ಪಾಲಾದವು. ಗೌಡನ ಹೆಣ ಸದ್ದಿಲ್ಲದೆ ಹೋಯಿತು. ಮಾರನೆಯ ದಿನದಿಂದ ಗೌಡರ ಹೊಲದಲ್ಲಿ ಕೇರಿಯ ಕೆಲಸವೂ ಹೋಯಿತು.

ಅಲ್ಲಿಗೇ ಮುಗಿದಿದ್ದರೆ ಯಲ್ಲಯ್ಯ ನುಂಗಿಕೊಳ್ಳುತ್ತಿದ್ದನೇನೋ. ಮೂರು ವರ್ಷದ ಮೇಲೆ, ಜಯನಗರದ ಒಂದು ಕಾಲೇಜಿನ ಬಯಲಿನಲ್ಲಿ ಮಗ ಡ್ರಮ್ಸ್ ಬಾರಿಸುತ್ತಾನೆಂದು ಕೇಳಿ, ಯಾರಿಗೂ ಹೇಳದೆ ಹೋಗಿ ಹಿಂದೆ ನಿಂತ. ರಾಕ್ ಮ್ಯೂಸಿಕ್ಕಂತೆ. ಗಿಟಾರಿನವರು ಕಿರುಚುತ್ತಿದ್ದರು, ಮೈಕು ಅವರಿಗಿಂತ ಜೋರಾಗಿ ಕಿರುಚುತ್ತಿತ್ತು. ಐದು ಡ್ರಮ್ಮುಗಳ ನಡುವೆ ಕೂತ ಮಗ ಕೋಲು ಎತ್ತಿದ. ಯಲ್ಲಯ್ಯನ ಮೈ ಉರಿದುಹೋಯಿತು. ಅದು ಹೆಣ ಎತ್ತುವಾಗ ಬಾರಿಸುವ ತಾಳದ ಗತ್ತು. ಅವನದೇ ಗತ್ತು. ಅದಕ್ಕೆ ಬೆಲ್‌ಬಾಟಮ್ ತೊಟ್ಟ ಹುಡುಗ ಹುಡುಗಿಯರು ಕುಣಿಯುತ್ತಿದ್ದರು.

ಅಂದು ಮನೆಗೆ ಬಂದ ಮಗನನ್ನು ಬಾಗಿಲಲ್ಲೇ ಹಿಡಿದ. "ನನ್ನ ಕೈ ಕಟ್ಟಾಕಿ ನೀನು ಅದನ್ನೇ ಬಾರಿಸ್ಕೊಂಡು ತಿರುಗ್ತೀಯೇನೋ, ಬೇವರ್ಸಿ?"

"ಬಾರಿಸ್ಬೇಡ ಅಂದಿಲ್ಲಪ್ಪ. ಅವರು ಕರೆದ್ರೆ ಹೋಗ್ಬೇಡ ಅಂದೆ. ನಾನು ಬೇಕು ಅನಿಸಿದಾಗ ಬಾರಿಸ್ತೀನಿ. ಬೇಡ ಅನಿಸಿದ್ರೆ ಎದ್ದು ಬರ್ತೀನಿ. ಅಷ್ಟೇ ವ್ಯತ್ಯಾಸ."

ಯಲ್ಲಯ್ಯ ಆ ಮಾತಿನ ಮೇಲೆ ಉಗಿದ. ಆಮೇಲೆ ಎಂಟು ವರ್ಷ ಅಪ್ಪ ಮಗ ಒಂದೇ ಸೂರಿನಡಿ ಇದ್ದು, ಊಟಕ್ಕೆ ಕರೆಯುವ ಮಾತೊಂದು ಬಿಟ್ಟು ಬೇರೆ ಆಡಲಿಲ್ಲ.

*

"ಅಂಕಲ್, ನಾನು ಜಯಸಿಂಹ. ಸಂಜು ಜೊತೆ ಗಿಟಾರ್ ನುಡಿಸ್ತಿದ್ದೆ."

ಹಿತ್ತಲಿಗೆ ಬಂದವನು ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿದ್ದ. ಯಾವುದೋ ಬ್ಯಾಂಕಿನಲ್ಲಿ ಕೆಲಸವಂತೆ. ಯಲ್ಲಯ್ಯ ತಮಟೆಯಿಂದ ಕಣ್ಣು ತೆಗೆಯದೆ ಕೇಳಿದ.

"ಹೋಟ್ಲಲ್ಲಿ ಬಾರಿಸ್ತಾವ್ನೆ ಅಂತಿದ್ರು. ಎರಡು ವರ್ಷದಿಂದ ಯಾಕೆ ಮನೇಲೇ ಇದ್ದ?"

"ನಮ್ಮದೇ ಹಾಡು ಬಾರಿಸ್ಬೇಕು ಅಂತ ಅವನಿಗೆ ಹಟ ಅಂಕಲ್. ಓನರ್ ಮಗನ ಬರ್ತ್‌ಡೇ ದಿನ, ಅದೆಲ್ಲ ಬೇಡ, ಡಿಸ್ಕೋ ಹೊಡೀರಿ ಅಂತ ಓನರ್ ಹೇಳಿದ. ಸಂಜು ಕೋಲು ಕೆಳಗಿಟ್ಟು ಎದ್ದುಹೋದ."

"ನೀವು?"

ಜಯಸಿಂಹ ಬೆಂಕಿ ನೋಡಿದ. "ನಾವು ಹೊಡೆದ್ವಿ. ಆಮೇಲೆ ಅವರು ಒಂದು ಮೆಷಿನ್ ತರಿಸಿದ್ರು. ಸ್ವಿಚ್ ಒತ್ತಿದ್ರೆ ಡ್ರಮ್ಸ್ ತಾನೇ ಬಾರಿಸ್ಕೊಳುತ್ತೆ."

"ಒಳ್ಳೇದಾಯ್ತು ಬಿಡಿ. ಅದು ಎದ್ದು ಹೋಗಲ್ಲ," ಎಂದ ಯಲ್ಲಯ್ಯ.

ಹೆಂಡತಿ ರುದ್ರಮ್ಮ ಒಳಗಿಂದ ಬಂದಳು. ಅತ್ತು ಅತ್ತು ಅವಳ ಧ್ವನಿ ಕೂತುಹೋಗಿತ್ತು. ಅವಳಿಗೆ ತಮಟೆ ತೋರಿಸಿ ಯಲ್ಲಯ್ಯ ಹೇಳಿದ, "ಇಲಿ ತಿಂದಿರುತ್ತೆ ಅನ್ಕೊಂಡಿದ್ದೆ ಕಣೆ. ನೋಡು, ಹೆಂಗೈತೆ."

"ಯಾಕೆ ತಿನ್ನುತ್ತೆ? ವರ್ಷ ವರ್ಷ ಸಂಜೀವ ಇಳಿಸಿ ಹರಳೆಣ್ಣೆ ಸವರಿ ಇಡ್ತಿದ್ದ. ನಿಂಗೆ ಹೇಳ್ಬೇಡ ಅಂದಿದ್ದ."

ಯಲ್ಲಯ್ಯ ಚರ್ಮದ ಮೇಲೆ ಅಂಗೈ ಆಡಿಸಿದ. ತಮಟೆಯನ್ನು ಹೆಗಲಿಗೆ ಹಾಕಿಕೊಂಡು, ಒಂದು ಬೆರಳಿನಿಂದ ತಟ್ಟಿ ನೋಡಿದ. ಖಣ್ ಎಂದಿತು. ಪಾಪಯ್ಯ ಕಣ್ಣು ಮುಚ್ಚಿಕೊಂಡ. ಇನ್ನು ತಡೆಯುವವರು ಯಾರೂ ಇರಲಿಲ್ಲ.

ಆಗ ಬೈರಣ್ಣ ಬಂದ. ಬಿಳಿ ಸಫಾರಿ, ಕೈಯಲ್ಲಿ ಹೂವಿನ ಹಾರ. ಹೊಲವೆಲ್ಲ ಸೈಟಾಗಿ, ಹಳೇ ಕಣದ ಜಾಗದಲ್ಲಿ ಈಗ ಅವನ ಕಲ್ಯಾಣಮಂಟಪ ನಿಂತಿತ್ತು. ಅಂಗಳದಲ್ಲಿ ಹೆಣದ ಹತ್ತಿರ ನಿಲ್ಲದೆ ನೇರ ಹಿತ್ತಲಿಗೇ ಬಂದಿದ್ದ; ಸದ್ದು ಅವನ ಕಿವಿಗೆ ಬಿದ್ದಿತ್ತು.

"ಭೇಷ್ ಯಲ್ಲಯ್ಯ! ಕೈ ಬಿಟ್ಟಿಲ್ಲ ಅನ್ನು. ನಾನು ಹೇಳ್ತಾನೇ ಇದ್ದೆ, ಇದೆಲ್ಲ ಆ ಹುಡುಗನ ಬಿಸಿ ರಕ್ತ, ಅವನ ಜೊತೇಲೇ ಹೋಗುತ್ತೆ ಅಂತ. ಈ ಸದ್ದು ಕೇಳಿ ಹನ್ನೊಂದು ವರ್ಷ ಆಯ್ತು. ಬಾರಿಸು, ಬಾರಿಸು."

ಬೈರಣ್ಣ ದನಿ ತಗ್ಗಿಸಿ, ಉಪಕಾರ ಮಾಡುವವನಂತೆ ಹೇಳಿದ, "ನಮ್ಮ ಚಿಕ್ಕಪ್ಪನೂ ಇವತ್ತೋ ನಾಳೆಯೋ ಅನ್ನೋ ಹಂಗವ್ರೆ. ಆಳು ಕಳಿಸ್ತೀನಿ. ನೀನೇ ಮುಂದೆ ನಿಂತ್ಕೋಬೇಕು."

ಯಲ್ಲಯ್ಯನ ಕೈಯಲ್ಲಿ ಕೋಲು ಇತ್ತು. ಅದು ಮೇಲೆದ್ದೂ ಇತ್ತು. ಮಗ ಎಂಟು ವರ್ಷದ ಹಿಂದೆ ಬಾಗಿಲಲ್ಲಿ ಆಡಿದ ಮಾತು, ತಾನು ಉಗಿದ ಮಾತು, ಈಗ ಅರ್ಥವಾಯಿತು. ಅರ್ಥವಾಯಿತೆಂದು ಹೇಳುವುದಕ್ಕೆ ಮಗ ಇರಲಿಲ್ಲ.

ಹೆಗಲಿನಿಂದ ತಮಟೆ ಇಳಿಸಿದ. ಅದನ್ನು ಒಂದು ಕಲ್ಲಿಗೆ ಒರಗಿಸಿ, ಮುಖ ಬೆಂಕಿಗೆ ತಿರುಗಿಸಿ, ಉಳಿದಿದ್ದ ಹುಲ್ಲನ್ನೆಲ್ಲ ಬೆಂಕಿಗೆ ಸುರಿದ.

"ಯಾಕೋ? ಮಗನಿಗೂ ಬಾರಿಸಲ್ವಾ?" ಎಂದ ಬೈರಣ್ಣ.

"ಬೇಡ ಅನಿಸ್ತು," ಎಂದ ಯಲ್ಲಯ್ಯ. ಹುಟ್ಟಿದಾಗಿನಿಂದ ಆ ಮನೆಯವರಿಗೆ ಹೇಳಿಕೊಂಡು ಬಂದಿದ್ದ ‘ಬುದ್ಧಿ’ ಎಂಬ ಮಾತನ್ನು ಅದಕ್ಕೆ ಸೇರಿಸಲಿಲ್ಲ. "ಪಾಪಯ್ಯ, ನಡಿ. ಎತ್ತಾಣ."

ಚಟ್ಟ ಎದ್ದಿತು. ಮುಂದಿನ ಬಲಗಡೆ ಯಲ್ಲಯ್ಯ, ಎಡಗಡೆ ಪಾಪಯ್ಯ, ಹಿಂದೆ ಕೇರಿಯ ಇಬ್ಬರು ಮುದುಕರು. ನಾಲ್ವರೂ ಒಂದು ಕಾಲದಲ್ಲಿ ತಮಟೆ ಹಿಡಿದವರೇ. ಜಯಸಿಂಹ ಹೆಗಲು ಕೊಡಲು ಮುಂದೆ ಬಂದ. ಯಲ್ಲಯ್ಯ ಬೇಡವೆಂದು ತಲೆಯಾಡಿಸಿದ. ಹೆಣಗಳ ಮುಂದೆ ಗತ್ತು ಹಿಡಿದೇ ನಡೆದು ರೂಢಿಯಾದ ಕಾಲುಗಳು ಸದ್ದಿಲ್ಲದ ದಾರಿಯಲ್ಲಿ ಒಂದಕ್ಕೊಂದು ಹೊಂದದೆ ತಡವರಿಸಿದವು. ಚಟ್ಟ ಓಲಾಡಿತು.

ಓಣಿಯ ತಿರುವು ಮುಟ್ಟುವಷ್ಟರಲ್ಲಿ ಹಿತ್ತಲಿನಿಂದ ಢಣ್ ಎಂದು ಒಂದೇ ಒಂದು ಪೆಟ್ಟು ಕೇಳಿಸಿತು. ಚರ್ಮ ಸೀಳಿತ್ತು. ಹೆಣ ಎತ್ತಿದ ಮೇಲೆ ತಿರುಗಿ ನೋಡಬಾರದು, ಯಾರೂ ನೋಡಲಿಲ್ಲ. ಆ ಪೆಟ್ಟಿಗೆ ನಾಲ್ವರ ಎಡಗಾಲೂ ಒಟ್ಟಿಗೆ ಮುಂದೆ ಬಿತ್ತು. ಬಲಗಾಲು ಬಾರದ ಎರಡನೆಯ ಪೆಟ್ಟಿಗೆ ಕಾಯುತ್ತ ಒಂದು ಗಳಿಗೆ ನೆಲದ ಮೇಲೇ ನಿಂತಿತ್ತು.