ಚಮನಸಾಬನ ರಟ್ಟೆಯೂ ಜಿದ್ದಾದ ಹಡಗೂ

ದೇವರ ಮನೆಗೆ ಹೊರಟವರ ದಾರಿಯಲ್ಲಿ ಕಲ್ಲಿರುತ್ತದೆ, ಮುಳ್ಳಿರುತ್ತದೆ. ಇಳಕಲ್ಲಿನ ಜೈನಬಿಯ ದಾರಿಯಲ್ಲಿ ಗಂಡನಿದ್ದ.

ಎಪ್ಪತ್ತೆರಡನೆಯ ಇಸವಿ. ರಮಜಾನ್ ಕಳೆದಿತ್ತು. ಮುಂಬಯಿಯಿಂದ ಜಿದ್ದಾಕ್ಕೆ ಹೋಗುವ ಹಜ್ ಹಡಗಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಜಾಗ ಸಿಕ್ಕಿತ್ತು. ಮದುವೆಯಾದಾಗಿನಿಂದ ಜೈನಬಿ ದೇವರನ್ನು ಬೇಡಿಕೊಂಡು ಬಂದದ್ದು ಇದೊಂದನ್ನೇ. ಆದರೆ ಅದು ಕಾಲರಾ ಬೇನೆ ದೇಶದಿಂದ ದೇಶಕ್ಕೆ ಹಬ್ಬುತ್ತಿದ್ದ ಕಾಲ. ಸಿಡುಬೂ ನಮ್ಮ ನಾಡನ್ನು ಬಿಟ್ಟು ಹೋಗಿರಲಿಲ್ಲ. ಎರಡಕ್ಕೂ ಚುಚ್ಚಿಸಿಕೊಂಡು, ಹಳದಿ ಕಾರ್ಡಿನ ಮೇಲೆ ಸರ್ಕಾರಿ ದವಾಖಾನೆಯ ಶಿಕ್ಕೆ ಹೊಡೆಸಿಕೊಂಡವರಿಗೆ ಮಾತ್ರ ಹಡಗು. ಉಳಿದವರು ಬಂದರದ ಬಾಗಿಲಿನಿಂದಲೇ ಊರಿಗೆ ತಿರುಗಬೇಕು.

ಆ ಶಿಕ್ಕೆ ಇಳಕಲ್ಲಿನಲ್ಲಿ ಸಿಗುತ್ತಿರಲಿಲ್ಲ. ಜೈನಬಿ ಬಾಗಲಕೋಟೆಗೆ ಹೋಗಿ ಚುಚ್ಚಿಸಿಕೊಂಡು ಬಂದಿದ್ದಳು. ಜೊತೆಗೆ ಹೊರಟ ಗಂಡ ಚಮನಸಾಬ ಬಸ್ಸು ಹತ್ತುವ ಹೊತ್ತಿಗೆ ಮಗ್ಗದ ನೆಪ ತೆಗೆದು ಮನೆಗೆ ನಡೆದಿದ್ದ. ಗಂಡನಿಲ್ಲದೆ ಅವಳೊಬ್ಬಳೇ ಹಜ್‌ಗೆ ಹೋಗುವಂತಿರಲಿಲ್ಲ. ಅವನ ರಟ್ಟೆಗೆ ಬೀಳದ ಸೂಜಿ ಅವಳ ಯಾತ್ರೆಗೇ ಅಡ್ಡ ನಿಂತಿತು.

ಪಕ್ಕದ ಮನೆಯ ಸಾವಿತ್ರೆವ್ವ ಊರಿನ ದವಾಖಾನೆಯಲ್ಲಿ ನರ್ಸು. ಒಂದು ಸಂಜೆ ಅವಳು ಲಿಂಗಪೂಜೆ ಮುಗಿಸಿ ಏಳುವುದನ್ನೇ ಕಾದಿದ್ದು, ಹಣೆಯ ವಿಭೂತಿ ಆರುವ ಮೊದಲೇ ಜೈನಬಿ ಅವಳ ಕೈಹಿಡಿದು ಎಳೆದುಕೊಂಡು ಬಂದಳು.

"ನೀನರ ಹೇಳವ್ವ ತಂಗಿ. ನನ್ನ ಬಾಯಿ ಸೋತದ."

ಚಮನಸಾಬ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ. ಇವರನ್ನು ಕಂಡವನೇ ನೂಲಿನಲ್ಲಿ ಇಲ್ಲದ ಗಂಟು ಹುಡುಕತೊಡಗಿದ.

"ಯಾಕ್ರಿ ಅಣ್ಣಾ, ಸೂಜಿಗೆ ಅಂಜತೀರೇನು?"

"ಅಂಜೂದ್ಯಾಕ? ಬಲಗೈ ಹಗ್ಗ ಜಗ್ಗಿದ್ರ ಲಾಳಿ ಓಡತದ. ಎಡಗೈ ಹಲಗಿ ಬಡೀತದ. ಯಾವ ರಟ್ಟಿಗೆ ಬಾವು ಬಂದ್ರೂ ಮಗ್ಗ ನಿಂತಿತು. ಎಲ್ಲಿ ಚುಚ್ಚತಾರ, ನೀನ ಹೇಳು."

"ಕಾಲಿಗೆ ಚುಚ್ಚಿಸ್ಕೊಳ್ರಿ," ಎಂದಳು ಜೈನಬಿ.

"ಮಗ್ಗದ ಪಾವಡಿ ನಿಮ್ಮಪ್ಪ ಬಂದು ತುಳೀತಾನೇನು?"

"ಹಂಗಾರ ನಾಲಿಗಿಗೆ ಚುಚ್ಚಿಬಿಡವ್ವ ಸಾವಿತ್ರಿ. ಅದೊಂದು ಬಾತು ಬಿದ್ದಿರಲಿ. ಮನಿ ಮಂದೆಲ್ಲಾ ಆರಾಮ ಇರ್ತೇವಿ."

ಸಾವಿತ್ರೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ನುಂಗಿದಳು. ಚಮನಸಾಬ ಮುಖವನ್ನು ಬೆಳಕಿಗೆ ತಿರುಗಿಸಿದ. ಕೆನ್ನೆ, ಹಣೆ, ಮೂಗು, ಎಲ್ಲ ಕಡೆ ಸಿಡುಬಿನ ಕಲೆ.

"ಇದನ್ನ ನೋಡು. ಸಣ್ಣಾಂವ ಇದ್ದಾಗ ಮೈಲಿಬ್ಯಾನಿ ಬಂದು ಹೋಗ್ಯದ. ಮಾರಿ ತುಂಬ ಶಿಕ್ಕಾ ಅದಾವ. ಇದಕ್ಕಿಂತ ದೊಡ್ಡ ಶಿಕ್ಕಾ ಯಾವ ದವಾಖಾನ್ಯಾಗ ಹೊಡೀತಾರ?"

"ನಾ ನಂಬತೇನ್ರಿ. ಆದರ ಬಂದರದ ಸಾಹೇಬ ನಿಮ್ಮ ಮಾರಿ ಓದಂಗಿಲ್ಲ, ಕಾರ್ಡು ಓದತಾನ. ಕಾಯ್ದೆ ಎಲ್ಲಾರಿಗೂ ಒಂದ."

"ಕಾಲರಾ ಅಂತೂ ನನಗ ಬಂದೇ ಇಲ್ಲ."

"ಬಂದ ಮ್ಯಾಲೆ ಸೂಜಿ ತಗೊಂಡು ಏನು ಮಾಡಾವರು?"

ಚಮನಸಾಬನಿಗೆ ಹೊಸದೊಂದು ಹೊಳೆಯಿತು. "ಅಲ್ಲ, ನಮ್ಮಾಕಿ ಹಾಕಿಸ್ಕೊಂಡಾಳಲ್ಲ? ಒಂದ ತಾಟಿನ್ಯಾಗ ಉಣ್ಣಾವರು ನಾವು. ಒಬ್ಬರಿಗಾದ್ರ ಇಬ್ಬರಿಗೂ ಆದಂಗ."

ಜೈನಬಿ ಹಣೆ ಬಡಿದುಕೊಂಡಳು. "ನಾ ಉಂಡ್ರ ನಿಮಗ ಹೊಟ್ಟಿ ತುಂಬತದೇನ್ರಿ? ಇವತ್ತ ರೊಟ್ಟಿ ಬಡದು ನಾ ಒಬ್ಬಾಕೀನ ಉಣ್ತೇನಿ, ನೀವು ತೇಗ ಹೊಡೀರಿ."

ಸಾವಿತ್ರೆವ್ವನ ನಗು ಈಗ ನಿಂತಿತು. "ಚ್ಯಾಷ್ಟಿ ಸಾಕ್ರಿ ಅಣ್ಣಾ. ಕಾಲರಾ ಸೂಜಿ ಚುಚ್ಚಿದ ದಿನಾನ ಕಾರ್ಡು ನಡೆಯಂಗಿಲ್ಲ. ಆರು ದಿನ ಕಳೀಬೇಕು. ನಿಮ್ಮ ಹಡಗ ಮುಂದಿನ ವಾರ. ನಾಳೆ ತಪ್ಪಿತಂದ್ರ ನಿಮ್ಮ ಹಜ್ ತಪ್ಪಿತು, ಅಕ್ಕಂದೂ ತಪ್ಪಿತು."

ಅವನು ದನಿ ತಗ್ಗಿಸಿದ. "ಸೂಜಿ ಇಲ್ಲದ ಶಿಕ್ಕಾ ಹೊಡದು ಕೊಡಾವರು ಅದಾರಂತ. ಖರೆ ಏನು?"

"ಇರಬಹುದು. ಸುಳ್ಳು ಕಾಗದ ಬಗಲಾಗ ಇಟ್ಕೊಂಡು ದೇವರ ಮನಿ ಬಾಗಲಾ ಬಡೀತೀರೇನು?"

ಅವನು ಮತ್ತೆ ಇಲ್ಲದ ಗಂಟಿಗೆ ಕೈ ಹಾಕಿದ. ಸಾವಿತ್ರೆವ್ವ ನಿಟ್ಟುಸಿರು ಬಿಟ್ಟು ಎದ್ದು ಹೋದಳು.

ಕತ್ತಲಾಗುವ ಮೊದಲು ಕೊಂಡಿ ಹಾಕಿ ಮುಗಿಸಬೇಕಿತ್ತು. ಇಳಕಲ್ ಸೀರೆ ಉಟ್ಟವರಿಗೆಲ್ಲ ಗೊತ್ತಿರಲಿಕ್ಕಿಲ್ಲ: ಅದರ ಮೈಗೆ ಉದ್ದಕ್ಕೆ ಹಾಯುವ ಎಳೆಗಳ ಹಾಸೇ ಬೇರೆ, ಕೆಂಪು ಸೆರಗಿನ ಹಾಸೇ ಬೇರೆ. ಮೈಯ ಎಳೆಯೊಳಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಕೂಡಿಸುತ್ತಾರೆ. ಅದೇ ಕೊಂಡಿ. ಒಬ್ಬರಿಂದ ಆಗುವ ಕೆಲಸವಲ್ಲ. ಮಗ ಹುಸೇನಪೀರನೂ ಬಂದು ಕುಳಿತ. ಮೂವರೂ ಬೆರಳಾಡಿಸಿದರು.

ಇನ್ನು ಅಂಗೈಯಗಲ ಉಳಿದಿರುವಾಗ ಜೈನಬಿ ಕೈ ಝಾಡಿಸಿ ಎದ್ದಳು.

"ಎಲ್ಲಿಗೆ? ಇನ್ನೂ ಎಳಿ ಉಳದಾವ."

"ಇರ್ಲಿ ಬಿಡ್ರಿ. ಇಷ್ಟೊಂದು ಕೂಡ್ಯಾವಲ್ಲ, ನಾಕು ಎಳಿ ಬಿಟ್ರ ಏನಾಗ್ತದ?"

"ತಲಿ ನೆಟ್ಟಗದ ಏನು ನಿಂದು?" ಚಮನಸಾಬ ಕುಣಿಯಿಂದ ಅರ್ಧ ಎದ್ದೇಬಿಟ್ಟ. "ಅಲ್ಲೇ ಬಾಯಿ ಬಿಡ್ತದ. ಉಟ್ಟಾಕೀ ಸೆರಗ ಜಗ್ಗಿದ್ಲಂದ್ರ ಬಾಜೂದ ಎಳೀನೂ ಬಿಚ್ಚಿಕೋತ ಹೋಗತದ. ನಾಕು ಎಳಿ ಸಲುವಾಗಿ ಸೀರಿನ ಹಾಳು!"

"ನಿಮ್ಮ ಸೀರಿಗೆ ಇಷ್ಟು ಕಾಯ್ದೆ. ಅಷ್ಟು ಮಂದಿ ತುಂಬಿದ ಹಡಗಕ್ಕ ಕಾಯ್ದೆ ಬ್ಯಾಡ?" ಜೈನಬಿಯ ದನಿ ಏರಿತು. "ಒಂದ ಹಂಡೇದ ನೀರು ಕುಡೀತಾರ, ಮೈಗೆ ಮೈ ಹತ್ತಿ ಮಲಗತಾರ. ಅಲ್ಲಿ ಒಬ್ಬಂವಗ ಬ್ಯಾನಿ ಬಂದ್ರ ಬಾಜೂದಾಂವ ಉಳೀತಾನ? ಕೊಂಡಿ ಹಾಕದ ಎಳಿ ಯಾರು, ನೀವ ಹೇಳ್ರಿ."

ಜೈನಬಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಇಷ್ಟು ಹೊತ್ತು ಸಿಟ್ಟಿನಲ್ಲಿದ್ದ ಕಣ್ಣು ಈಗ ತುಂಬಿ ಬಂದಿತ್ತು.

"ನನಗ ಆ ದೇವರ ಮನಿ ಕಣ್ಣಾರೆ ನೋಡಬೇಕ್ರಿ. ಮತ್ತೇನೂ ಕೇಳಿಲ್ಲ ನಿಮಗ."

ಚಮನಸಾಬ ಆ ಉಳಿದ ಎಳೆಗಳ ಮೇಲೆ ಬೆರಳಾಡಿಸಿದ. ಆಮೇಲೆ ಗೊಣಗಿದ, "ಮುಂಜಾನಿ ಬಾಗಲಕೋಟಿ ಬಸ್ಸು ಎಷ್ಟಕ್ಕದ? ಮದಲ ಇಲ್ಲಿ ಬಾ, ಕೊಂಡಿ ಮುಗಸು."

ಮರುದಿನ ದವಾಖಾನೆಯಲ್ಲಿ ಅವನು ಹಾಕಿದ ಚೀತ್ಕಾರವನ್ನು ಇಲ್ಲಿ ಬರೆಯುವುದು ಬೇಡ. ರಟ್ಟೆ ಬಾತಿತು, ಮೈ ಕಾದಿತು, ಎರಡು ದಿನ ಮಗ್ಗ ನಿಂತಿತು. ಮೂರನೆಯ ದಿನ ಲಾಳಿ ಓಡಿತು.

ಮುಂಬಯಿ ಬಂದರದಲ್ಲಿ ಅವರ ಮುಂದೆ ಬೇರೆ ಊರಿನ ಗಂಡ ಹೆಂಡತಿ ನಿಂತಿದ್ದರು. ಹೆಂಡತಿಯ ಕಾರ್ಡು ಸರಿಯಿತ್ತು, ಅವಳು ಬಾಗಿಲಿಗೆ ಅಡ್ಡ ಕಟ್ಟಿದ್ದ ಹಗ್ಗದಾಚೆ ದಾಟಿದಳು. ಗಂಡನ ಕಾರ್ಡು ಖಾಲಿ. ಅವನು ಕೈಮುಗಿದ, ಗಡ್ಡ ಹಿಡಿದುಕೊಂಡ, ಹೆಂಡತಿಗೆ ಆಗಿದೆಯಲ್ಲ ಎಂದು ಅವಳತ್ತ ತೋರಿಸಿದ. ಸಾಹೇಬ ಆಗದೆಂದು ತಲೆಯಾಡಿಸಿದ. ಆ ಹೆಂಗಸು ಬಗಲಲ್ಲಿದ್ದ ಗಂಟನ್ನು ನೆಲಕ್ಕಿಟ್ಟು, ಹಗ್ಗದಡಿ ನುಸುಳಿ ಈಚೆ ಬಂದು ಗಂಡನ ಪಕ್ಕ ನಿಂತಳು.

ಒಂದೇ ತಾಟಿನ ಮಾತು ಚಮನಸಾಬನಿಗೆ ನೆನಪಾಯಿತು. ನಗು ಬರಲಿಲ್ಲ. ಜೈನಬಿ ಅವನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು. ಸೂಜಿಯ ಜಾಗ ಇನ್ನೂ ನೋಯುತ್ತಿತ್ತು. ಅವನು ಬಿಡಿಸಿಕೊಳ್ಳದೆ ಎರಡೂ ಕಾರ್ಡು ಮುಂದೆ ಚಾಚಿದ, ಇಬ್ಬರೂ ಹಗ್ಗ ದಾಟಿದರು.

ಅಕ್ಕಗಳಿರಾ, ಅಣ್ಣಗಳಿರಾ, ನೀವು ಹಜ್‌ಗೆ ಹೊರಡಿರಿ, ದುಡಿಯಲು ಮಸ್ಕತ್ತಿಗೆ ಹೊರಡಿರಿ. ಟಿಕೀಟಿನ ಚಿಂತೆಗಿಂತ ಮೊದಲು ಸೂಜಿಯ ಚಿಂತೆ ಮಾಡಿರಿ. ಹೋಗುವ ದೇಶ ಏನು ಕೇಳುತ್ತದೆಂದು ಸರ್ಕಾರಿ ದವಾಖಾನೆಯಲ್ಲಿ ವಿಚಾರಿಸಿರಿ, ಕೊನೆಯ ವಾರದವರೆಗೆ ಕಾಯಬೇಡಿರಿ. ಮನೆಯಲ್ಲಿ ಎಷ್ಟು ಜನ ಹೊರಟಿದ್ದೀರೋ ಅಷ್ಟೂ ಜನ ಚುಚ್ಚಿಸಿಕೊಳ್ಳಿರಿ, ಅಷ್ಟೂ ಕಾರ್ಡು ಕೈಯಲ್ಲಿಟ್ಟುಕೊಳ್ಳಿರಿ. ಸುಳ್ಳು ಶಿಕ್ಕೆ ಮುಟ್ಟಬೇಡಿರಿ. ಸೂಜಿಯಾಯಿತೆಂದು ಮೈಮರೆಯದೆ ನೀರು ಕಾಯಿಸಿ ಕುಡಿಯಿರಿ.

ಆ ಹೆಂಗಸು ಹಗ್ಗದಡಿ ನುಸುಳಿ ಈಚೆ ಬಂದಳಲ್ಲ, ನಿಮ್ಮ ಮನೆಯಾಕೆ ಹಾಗೆ ಬರಬಾರದು. ನಾಳೆ ಮುಂಜಾನೆಯೇ ಅಂಗಿಯ ತೋಳು ಏರಿಸಿರಿ.