ಹಿಡಿದೆ ಅಂದವಳು

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಏಣಿ ಹತ್ತುವವರು ಎರಡನೆಯ ಮೆಟ್ಟಿಲಲ್ಲಿ ನಿಂತು "ಹಿಡಿದ್ಯಾ?" ಎಂದು ಕೇಳಬೇಕು. ಕೆಳಗಿರುವವರು ಎರಡೂ ಕೈಯಲ್ಲಿ ಏಣಿ ಹಿಡಿದು, ಒಂದು ಪಾದವನ್ನು ಅದರ ಬುಡಕ್ಕೆ ಒತ್ತಿಟ್ಟು "ಹಿಡಿದೆ" ಎನ್ನಬೇಕು. ಆ ಉತ್ತರ ಕಿವಿಗೆ ಬೀಳದೆ ಮೂರನೆಯ ಮೆಟ್ಟಿಲಿಗೆ ಕಾಲಿಡುವ ಹಾಗಿಲ್ಲ. ಉತ್ತರ ಬಂದ ಮೇಲೆ ಬಗ್ಗಿ ನೋಡುವ ಹಾಗೂ ಇಲ್ಲ. ನೋಡಿದರೆ ಕೆಳಗಿದ್ದವರನ್ನು ನಂಬಲಿಲ್ಲ ಎಂದರ್ಥ.

ಈ ನಿಯಮ ನನ್ನ ಸೋದರಮಾವನದು. ಇಪ್ಪತ್ತೆಂಟು ವರ್ಷದಿಂದ ಜನರ ಗೋಡೆಗಳಿಗೆ ಬಣ್ಣ ಬಳಿದುಕೊಂಡು ಬಂದವರು. ಮದುವೆಯಾಗಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆ ಅವರದು, ಹಿಂದಿನ ಎರಡು ನನ್ನದು ಮತ್ತು ಅಮ್ಮನದು. ಓದು ಮುಗಿಸಿ ಕೆಲಸ ಸಿಗದೆ ಕೂತಿದ್ದಾಗ ಮಾವ ನನ್ನ ಕೈಗೆ ಉಜ್ಜುಕಾಗದ ಕೊಟ್ಟು, "ಕೂತ್ಕೊಂಡು ಗೋಡೆ ನೋಡ್ತಿದೀಯಲ್ಲ, ನಿಂತ್ಕೊಂಡು ಉಜ್ಜು" ಎಂದರು. ಹಾಗೆ ಸೇರಿದವಳು ಮೂರು ವರ್ಷ ಮುಗಿಸುತ್ತಾ ಬಂದಿದ್ದೆ.

ಕೊರಿಯಾದಲ್ಲಿ ಹಡಗು ಕಟ್ಟುವ ಕಾರ್ಖಾನೆಯೊಂದರಲ್ಲಿ ಬಣ್ಣದ ಕೆಲಸಕ್ಕೆ ಹೊರದೇಶದವರನ್ನು ತೆಗೆದುಕೊಳ್ಳುತ್ತಾರೆ ಎಂದು ತಿಳಿದದ್ದು ಹೋದ ವರ್ಷ. ಎರಡು ಬೇಕು. ಅರ್ಜಿ ಹಾಕಿದ ಮೇಲೆ ನಡೆಸುವ ಭಾಷೆಯ ಪರೀಕ್ಷೆ ಪಾಸಾಗಬೇಕು. ಅರ್ಜಿಯ ಜೊತೆಗೆ, ಪೂರ್ತಿ ಮೂರು ವರ್ಷ ಕೆಲಸ ಮಾಡಿದ್ದಾಳೆ ಎಂದು ಕೆಲಸ ಕೊಟ್ಟವರು ಸಹಿ ಹಾಕಿದ ಪತ್ರ ಇರಬೇಕು. ನಾನು ಭಾನುವಾರದ ತರಗತಿಗೆ ಸೇರಿದೆ. ಪದಗಳನ್ನು ಚೀಟಿಗಳ ಮೇಲೆ ಬರೆದು, ತಂತಿಯ ಉಂಗುರಕ್ಕೆ ಪೋಣಿಸಿ ಜೇಬಿನಲ್ಲಿಟ್ಟುಕೊಂಡು, ಪುಟ್ಟಿ ಒಣಗುವಾಗ, ಬಸ್ಸು ಕಾಯುವಾಗ ತಿರುವಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಮಾವ ನನಗೆ ಗಿಣಿ ಎಂದು ಹೆಸರಿಟ್ಟರು.

ಅವತ್ತು ಗುರುವಾರ. ಹಲ್ಲಿನ ಡಾಕ್ಟರೊಬ್ಬರ ಆಸ್ಪತ್ರೆಯಲ್ಲಿ ಕೆಲಸ. ರೋಗಿಗಳು ಕಾಯುವ ಹಾಲಿನ ಗೋಡೆಗೆ ತಿಳಿಹಸಿರು. ನೆಲಕ್ಕೆ ಹೊಸ ಟೈಲ್ಸು, ಜಾರುವಂಥದ್ದು. ಮಾವ ಬ್ರಶ್ಶು ಮತ್ತು ಡಬ್ಬ ಹಿಡಿದು ಎರಡನೆಯ ಮೆಟ್ಟಿಲಲ್ಲಿ ನಿಂತರು.

"ಗಿಣೀ, ಹಿಡಿದ್ಯಾ?"

"ಹಿಡಿದೆ."

ಹಿಡಿದಿರಲಿಲ್ಲ. ಏಣಿಗೆ ಒಂದು ಮೊಳ ದೂರದಲ್ಲಿ ನಿಂತು ಚೀಟಿ ತಿರುವುತ್ತಿದ್ದೆ. ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತು, ಬಾಯಿ ತಾನೇ ಹೇಳಿಬಿಟ್ಟಿತು. ಕೈಯಲ್ಲಿದ್ದ ಪದ 'ಚಮಚ'. ಕೊರಿಯನ್‌ನಲ್ಲಿ ಸುಟ್ಕರಾಕ್. ಎರಡು ದಿನದಿಂದ ನಾಲಿಗೆಗೆ ಹತ್ತದೆ ಸತಾಯಿಸುತ್ತಿತ್ತು. ಏಣಿಯ ಬುಡ ಟೈಲ್ಸಿನ ಮೇಲೆ ಕಿರ್ರೆಂದಾಗ ತಲೆ ಎತ್ತಿದೆ. ಅಷ್ಟರಲ್ಲಿ ಮಾವ ಗೋಡೆಯ ಮೇಲೆ ಒಂದು ಉದ್ದನೆಯ ಹಸಿರು ಗೀಟು ಎಳೆಯುತ್ತ ಕೆಳಗೆ ಬಂದಾಗಿತ್ತು. ಒಂದು ಚಮಚಕ್ಕಾಗಿ ಬಿದ್ದರು.

ಬಲ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಸೊಂಟದ ಹತ್ತಿರ ಅಂಗೈಯಗಲ ನೀಲಿ. ಹಲ್ಲಿನ ಡಾಕ್ಟರು ಓಡಿಬಂದು ಮೊದಲು ಅವರ ಬಾಯಿ ತೆರೆಸಿ ನೋಡಿದರು. ಮಾವ ನೆಲದ ಮೇಲೆ ಮಲಗಿಕೊಂಡೇ, "ಹಲ್ಲು ಸರಿ ಇದೆ ಡಾಕ್ಟ್ರೇ, ಕೈ ನೋಡಿ" ಎಂದರು. ಆಮೇಲೆ ನನ್ನತ್ತ ತಿರುಗಿ, "ತಲೆ ಸುತ್ತು ಬಂದಿರ್ಬೇಕು ಕಣೇ. ಕಾಲು ಎಲ್ಲಿಟ್ಟೆ ಅಂತಲೇ ಗೊತ್ತಾಗಲಿಲ್ಲ" ಎಂದರು.

ಅವರಾಗಿಯೇ ಕಾರಣ ಹುಡುಕಿ ನನ್ನ ಕೈಗೆ ಕೊಟ್ಟಿದ್ದರು. ಇಸಿದುಕೊಂಡೆ.

ಭಾನುವಾರ ತರಗತಿಗೆ ಹೋದೆ. ಹೋಗದಿದ್ದರೆ ಅಮ್ಮ ಯಾಕೆ ಎಂದು ಕೇಳುತ್ತಿದ್ದಳು. ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ, ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿ. ಟೀಚರ್ ಏಳು ವರ್ಷ ಕೊರಿಯಾದ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ದುಡಿದು ಬಂದವರು. ಪುಸ್ತಕದಿಂದ ಕಲಿತವರಲ್ಲ, ಬೈಗುಳ ತಿಂದು ಕಲಿತವರು. ಅವರದೊಂದು ಪದ್ಧತಿ: ಯಾವ ಕ್ರಿಯಾಪದವನ್ನೂ ಮೊದಲು ಹೇಳಿಕೊಡುವುದಿಲ್ಲ. "ಮೊದಲು ಕೈ, ಆಮೇಲೆ ಬಾಯಿ" ಎನ್ನುತ್ತಾರೆ. ತೆರೆಯುವುದನ್ನು ಕಲಿಸುವ ದಿನ ಎಲ್ಲರಿಂದ ಕಿಟಕಿ ತೆರೆಸುತ್ತಾರೆ. ಮಡಚುವುದನ್ನು ಕಲಿಸಲು ರಟ್ಟು ಮಡಚಿಸುತ್ತಾರೆ.

ಅವತ್ತು ಮಾತಿಲ್ಲದೆ ಬೋರ್ಡು ಒರೆಸುವ ಡಸ್ಟರನ್ನು ನನ್ನ ಕಡೆಗೆ ಎಸೆದರು. ಎರಡೂ ಕೈಯಲ್ಲಿ ಹಿಡಿದೆ. ಮುಖದ ತುಂಬಾ ಸೀಮೆಸುಣ್ಣದ ಪುಡಿ.

"ಈಗ ಮಾಡಿದ್ಯಲ್ಲ, ಅದು ಜಪ್ತಾ" ಎಂದರು. "ಹಿಡಿಯೋದು."

"ಜಪ್ತಿ ಮಾಡೋದಾ ಟೀಚರ್?" ಎಂದ ಪಕ್ಕದ ಕುರ್ಚಿಯಲ್ಲಿದ್ದ ಆಂಬುಲೆನ್ಸ್ ಡ್ರೈವರ್.

"ನಿನ್ನ ಬಾಯಿ ಜಪ್ತಿ ಮಾಡ್ತೀನಿ, ಕೇಳು. ಕೈಯಲ್ಲಿ ಹಿಡಿಯೋದು ಜಪ್ತಾ. ಕಳ್ಳನ್ನ ಹಿಡಿಯೋದು ಜಪ್ತಾ. ಒಳ್ಳೆ ಅವಕಾಶ ಬಂತು, ಬಿಡದೆ ಹಿಡ್ಕೊಂಡೆ, ಅದೂ ಜಪ್ತಾ. ಇಂಥ ದಿನ ಸಿಗೋಣ ಅಂತ ಗೊತ್ತು ಮಾಡೋದಕ್ಕೂ ಅದೇ. ಬೀಳೋ ಹಾಗಾದಾಗ ಮೈ ತೂಕ ಸರಿ ಮಾಡ್ಕೊಂಡು ನಿಲ್ತೀವಲ್ಲ, ಅದಕ್ಕೂ. ಮನಸ್ಸು ದಿಕ್ಕಾಪಾಲಾಗಿ ಓಡ್ತಿತ್ತು, ಎಳ್ಕೊಂಡು ಬಂದು ಒಂದು ಕಡೆ ಕೂರಿಸಿದೆ ಅನ್ನೋದಕ್ಕೂ."

"ನೆಗಡಿ ಹಿಡಿಯೋದಕ್ಕೆ?" ಎಂದು ಕೇಳಿದೆ.

"ಅದಕ್ಕೆ ಬೇರೆ ಪದ. ನಮ್ಮಲ್ಲಿ ನೆಗಡಿ, ಹುಚ್ಚು, ಹಠ ಎಲ್ಲಾ ಬಂದು ನಮ್ಮನ್ನ ಹಿಡಿಯುತ್ತೆ. ಜಪ್ತಾದಲ್ಲಿ ಹಿಡಿಯೋಳು ನೀನೇ. ತಪ್ಪಿಸ್ಕೊಳ್ಳೋಕಾಗಲ್ಲ."

ಹೋಮ್‌ವರ್ಕಿಗೆ ಐದು ವಾಕ್ಯ ಬರೆಯಲು ಹೇಳಿದರು. ಪುಸ್ತಕದ್ದು ಬೇಡ, ಅವರವರ ಕೆಲಸದ್ದು ಬೇಕು. ಮುಂದಿನ ಭಾನುವಾರಕ್ಕೆ ನಾನು ನಾಲ್ಕು ಬರೆದೆ. ಬ್ರಶ್ಶು ಹಿಡಿದೆ, ರೋಲರ್ ಹಿಡಿದೆ, ಇತ್ಯಾದಿ. ಐದನೆಯದಾಗಿ 'ಏಣಿ ಹಿಡಿದೆ' ಎಂದು ಬರೆಯಲು ಹೊರಟು, ಪೆನ್ನು ನಿಲ್ಲಿಸಿ, ಕೊನೆಗೆ 'ಏಣಿ ಹಿಡಿಯಲಿಲ್ಲ, ಹಿಡಿದೆ ಅಂದೆ' ಎಂದು ಬರೆದೆ. ಮನೆಯಲ್ಲಿ ಯಾರಿಗೂ ಬಾರದ ಭಾಷೆ. ನಿಜ ಹೇಳಲು ಅದಕ್ಕಿಂತ ಸುರಕ್ಷಿತ ಜಾಗ ಇರಲಿಲ್ಲ.

ಟೀಚರ್ ಕೆಂಪು ಪೆನ್ನಿನಲ್ಲಿ ಐದಕ್ಕೂ ಸರಿ ಗುರುತು ಹಾಕಿದರು. ಐದನೆಯದನ್ನು ಇನ್ನೊಂದು ಸಲ ಓದಿದರು.

"ಬರೆದಿರೋದು ಸರಿಯಾಗಿದೆ. ಪರೀಕ್ಷೆಲಿ ಮಾತ್ರ ಬರೀಬೇಡ, ಯಾರೂ ಕೆಲಸ ಕೊಡಲ್ಲ." ಸ್ವಲ್ಪ ತಡೆದು ಕೇಳಿದರು: "ಬಿದ್ದೋರು ಹೇಗಿದಾರೆ?"

"ತಲೆ ಸುತ್ತು ಬಂತು ಅಂದ್ಕೊಂಡಿದಾರೆ."

"ಹೂಂ" ಎಂದು ಪುಸ್ತಕ ವಾಪಸ್ಸು ಕೊಟ್ಟರು. ಅಷ್ಟೇ.

ಮನೆಯಲ್ಲಿ ತಲೆಸುತ್ತು ಒಬ್ಬ ನೆಂಟನ ಹಾಗೆ ಬೀಡುಬಿಟ್ಟಿತ್ತು. ಅಮ್ಮ ಅದಕ್ಕೆ ಬೇಕಾದ್ದೆಲ್ಲ ಒದಗಿಸುತ್ತಿದ್ದಳು. ಬಿ.ಪಿ. ನೋಡಿಸಿದಳು, ಸರಿಯಿತ್ತು. ರಕ್ತ ಪರೀಕ್ಷೆ, ಸರಿಯಿತ್ತು. ಕಿವಿಯ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿ, ಏನೂ ಇಲ್ಲ ಎಂದು ಮಾತ್ರೆ ಬರೆದುಕೊಟ್ಟರು.

"ಏನೂ ಇಲ್ಲದೇ ಇರೋದಕ್ಕೆ ಮಾತ್ರೆ ಯಾಕಮ್ಮ?" ಎಂದು ಮಾವ ಕೇಳಿದರು.

"ನುಂಗಣ್ಣ ಸುಮ್ನೆ. ಏನೂ ಇಲ್ದೆ ಯಾರಾದ್ರೂ ಬೀಳ್ತಾರಾ? ಐವತ್ತೈದಾಯ್ತು ನಿನಗೆ."

ಮಾವ ನುಂಗಿದರು. ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ನಡೆಯುವಾಗ ಗೋಡೆಗೆ ಎಡಗೈ ತಾಗಿಸಿಕೊಂಡು ಓಡಾಡತೊಡಗಿದರು. ಮೂರು ಅಂತಸ್ತಿನ ಹೊರಗೋಡೆಗೆ ಹಗ್ಗದಲ್ಲಿ ನೇತಾಡಿಕೊಂಡು ಬಣ್ಣ ಹೊಡೆದ ಮನುಷ್ಯ ಬಚ್ಚಲಿಗೆ ಹೋಗಲು ಗೋಡೆ ಸವರುತ್ತಿದ್ದರು. ಕಾಲಿಗೆ ಏನೂ ಆಗಿರಲಿಲ್ಲ. ಅವರ ತಲೆ ಸುತ್ತುತ್ತಲೂ ಇರಲಿಲ್ಲ. ಅದು ನನಗೊಬ್ಬಳಿಗೆ ಗೊತ್ತಿತ್ತು.

ನಾಲ್ಕನೆಯ ವಾರ, ಮಾವನಿಗೆ ಕೆಲಸ ಒದಗಿಸುವ ಕಂಟ್ರಾಕ್ಟರ್ ಬಂದು ಮಾತಾಡಿದ. ಇನ್ನು ಮೇಲೆ ಹತ್ತುವುದು ಬೇಡ, ಕೆಳಗೆ ಕೂತು ಬಣ್ಣ ಕಲಸಿಕೊಡಿ, ಹುಡುಗರ ಮೇಲೆ ಕಣ್ಣಿಡಿ ಎಂದ. ಒಳ್ಳೆಯ ಮಾತಿನಲ್ಲೇ ಹೇಳಿದ. ಮಾವ ತಲೆಯಾಡಿಸಿದರು. ಅವನು ಹೋದ ಮೇಲೆ ನನ್ನನ್ನು ಕರೆದರು.

"ಗಿಣೀ, ನಿನ್ನ ಕೊರಿಯಾದ ಕಾಗದ ಯಾವತ್ತು ಕಳಿಸ್ಬೇಕು?"

"ಈ ತಿಂಗಳ ಕೊನೇಲಿ."

"ಅವತ್ತಿಗೆ ಮೂರು ವರ್ಷ ತುಂಬುತ್ತಲ್ಲ?"

"ತುಂಬುತ್ತೆ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಮ್ಮಿಯಿಲ್ಲ."

"ಪತ್ರ ಬರ್ಕೊಂಡು ಬಾ. ಎಡಗೈಲಾದ್ರೂ ಸಹಿ ಹಾಕ್ತೀನಿ. ನಾನಂತೂ ಇಳಿದಾಯ್ತು, ನೀನಾದ್ರೂ ಹತ್ತು."

ಬರೆದುಕೊಂಡು ಬರುತ್ತೇನೆ ಎಂದೆ. ಒಂದು ವಾರ ಬರೆಯಲಿಲ್ಲ. ಸಹಿ ಮೊದಲು ಹಾಕಿಸಿಕೊಂಡು ಆಮೇಲೆ ಹೇಳೋಣ ಎಂದು ಒಂದು ದಿನ ಅನಿಸಿತು. ಕೊರಿಯಾಕ್ಕೆ ಹೋಗಿ ಅಲ್ಲಿಂದ ಫೋನಿನಲ್ಲಿ ಹೇಳೋಣ ಎಂದು ಇನ್ನೊಂದು ದಿನ. ಹೇಳದೇ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ ಎಂದು ಮಿಕ್ಕ ಎಲ್ಲ ದಿನ.

ಪ್ಲಾಸ್ಟರ್ ತೆಗೆದ ಮಾರನೆಯ ಬೆಳಿಗ್ಗೆ ಹಿತ್ತಲಿನಿಂದ ಸದ್ದು ಕೇಳಿಸಿತು. ಹೋಗಿ ನೋಡಿದರೆ ಮಾವ ತಮ್ಮ ಉದ್ದದ ಏಣಿಯನ್ನು ಎರಡು ಕಲ್ಲಿನ ಮೇಲೆ ಅಡ್ಡ ಮಲಗಿಸಿದ್ದರು. ಹದಿನಾರು ಮೆಟ್ಟಿಲಿನ ಮರದ ಏಣಿ, ಅವರೇ ಮಾಡಿದ್ದು. ಎಂಟನೆಯ ಮೆಟ್ಟಿಲಿನ ಪಕ್ಕ ಪೆನ್ಸಿಲಿನಲ್ಲಿ ಗೀಟು ಹಾಕಿದ್ದರು. ಎಡಗೈಯಲ್ಲಿ ಗರಗಸ.

"ಏನ್ಮಾಡ್ತಿದೀರಾ ಮಾವ?"

"ಎರಡು ತುಂಡು ಮಾಡ್ತೀನಿ. ನಿಮ್ಮಮ್ಮಂಗೆ ಅಟ್ಟದಿಂದ ಪಾತ್ರೆ ಇಳಿಸೋಕೆ ಒಂದು. ಇನ್ನೊಂದು ಯಾರಾದ್ರೂ ಕೇಳಿದ್ರೆ ಕೊಟ್ಟರಾಯ್ತು. ಆ ತುದಿ ಹಿಡ್ಕೊ, ಅಲ್ಲಾಡ್ತಿದೆ."

ನಾನು ಹಿಡಿಯಲಿಲ್ಲ. ಮಾವ ಗರಗಸ ಎಳೆದರು. ಒಣಗಿದ ಮರ, ಪುಡಿ ಬಿಳಿಯಾಗಿ ಉದುರಿತು. ಎರಡನೆಯ ಸಲ ಎಳೆದರು. ಮೂರನೆಯ ಸಲ.

"ಕುಯ್ಯಬೇಡಿ ಮಾವ. ಅವತ್ತು ನಾನು ಹಿಡಿದಿರಲಿಲ್ಲ."

ಗರಗಸ ಮರದೊಳಗೇ ನಿಂತಿತು.

"ಹಿಡಿದೆ ಅಂದ್ಯಲ್ಲ."

"ಅಂದೆ. ಚೀಟಿ ನೋಡ್ತಿದ್ದೆ. ಏಣಿ ಮುಟ್ಟೂ ಇರಲಿಲ್ಲ. ನಿಮಗೆ ತಲೆ ಸುತ್ತಿಲ್ಲ, ಏನೂ ಇಲ್ಲ."

ಮಾವ ಗರಗಸವನ್ನು ಮೆಲ್ಲಗೆ ಹಿಂದಕ್ಕೆಳೆದು, ಹಲ್ಲಿಗೆ ಅಂಟಿದ ಪುಡಿಯನ್ನು ಪಂಚೆಯ ಅಂಚಿನಲ್ಲಿ ಒರೆಸಿದರು. ಏಣಿಯ ಒಂದು ಕಂಬ ಕಾಲು ಭಾಗದಷ್ಟು ಕೊಯ್ದುಹೋಗಿತ್ತು. ಆ ಕಚ್ಚಿನೊಳಗೆ ಉಗುರು ಹಾಕಿ ಆಳ ನೋಡಿದರು. ಎದ್ದು ಹಿತ್ತಲಿನ ಆ ತುದಿಯವರೆಗೆ ನಡೆದರು, ತಿರುಗಿ ಬಂದರು. ಗೋಡೆ ಮುಟ್ಟಲಿಲ್ಲ.

"ಐದು ವಾರ" ಎಂದರು. "ಐದು ವಾರ ಮಾತ್ರೆ ತಿಂದೆನಲ್ಲೇ ಪಾಪಿ."

ನಾನು ಬೈಗುಳಕ್ಕೆ ಕಾದೆ. ಬರಲಿಲ್ಲ. ಕಬ್ಬಿಣದ ಪಟ್ಟಿ ಮತ್ತು ಸ್ಕ್ರೂ ಎಲ್ಲಿವೆ ಎಂದು ಕೇಳಿದರು. ತಂದುಕೊಟ್ಟೆ. ಕೊಯ್ದ ಜಾಗಕ್ಕೆ ಎರಡೂ ಕಡೆಯಿಂದ ಪಟ್ಟಿ ಹೊಡೆದರು.

ಸಂಜೆ ಮಾವ ಅಮ್ಮನ ಮುಂದೆಯೇ ಕಾಗದ ತರಿಸಿ, ತಾವು ಹೇಳಿದಂತೆ ಬರಿ ಎಂದರು. ಗೋಡೆ ಉಜ್ಜುವುದು, ಪುಟ್ಟಿ ಹಾಕುವುದು, ಬಣ್ಣ ಬಳಿಯುವುದು ಚೆನ್ನಾಗಿ ಬರುತ್ತದೆ ಎಂದು ಬರೆಸಿದರು. ಆಮೇಲೆ, "ಎರಡು ವರ್ಷ ಹನ್ನೊಂದು ತಿಂಗಳು ನನ್ನ ಕೈಕೆಳಗೆ ಕೆಲಸ ಮಾಡಿದ್ದಾಳೆ" ಎಂದರು.

ನಾನು ತಲೆ ಎತ್ತಿದೆ.

"ನಾನು ಬಿದ್ದ ತಿಂಗಳು ಸೇರಿಸಲ್ಲ. ನೀನು ಅಲ್ಲಿದ್ದೆ, ಕೆಲಸದಲ್ಲಿರಲಿಲ್ಲ."

"ಅಣ್ಣಾ, ಮೂರು ತುಂಬದಿದ್ರೆ ತಗೊಳಲ್ಲವಂತೆ" ಎಂದಳು ಅಮ್ಮ. ಬೆಳಿಗ್ಗೆಯೇ ಅವಳಿಗೆ ಎಲ್ಲ ಹೇಳಿಯಾಗಿತ್ತು, ನನಗೆ ಸಿಗಬೇಕಾದ ಬೈಗುಳವೂ ಅಲ್ಲಿಂದಲೇ ಸಿಕ್ಕಿತ್ತು. "ಮತ್ತೆ ಅರ್ಜಿ ಕರೆಯೋದು ಆರು ತಿಂಗಳಿಗೆ. ಒಂದು ತಿಂಗಳ ತಪ್ಪಿಗೆ ಆರು ತಿಂಗಳು ಕೂರ್ಬೇಕಾ ಅವಳು?"

"ಕೂರೋದ್ಯಾಕೆ? ನಿಲ್ಲಲಿ. ಏಣಿ ಬುಡದಲ್ಲಿ."

ಎರಡು ವರ್ಷ ಹನ್ನೊಂದು ತಿಂಗಳು ಎಂದು ಬರೆದೆ. ಮಾವ ಬಲಗೈಯಲ್ಲೇ ಸಹಿ ಹಾಕಿದರು, ಅಕ್ಷರ ಸೊಟ್ಟಗಿತ್ತು. ಆ ಪತ್ರದಿಂದ ಏನೂ ಉಪಯೋಗವಿರಲಿಲ್ಲ. ಆದರೂ ಮಡಚಿ ಪುಸ್ತಕದೊಳಗಿಟ್ಟೆ.

ಭಾನುವಾರ ಟೀಚರಿಗೆ ಈ ಸಲ ಅರ್ಜಿ ಹಾಕುತ್ತಿಲ್ಲ ಎಂದೆ. ಯಾಕೆ ಎಂದು ಹೇಳಿದಾಗ ನಕ್ಕುಬಿಟ್ಟರು. "ಆರು ತಿಂಗಳಲ್ಲಿ ನಿನ್ನ ಉಚ್ಚಾರಣೆನಾದ್ರೂ ಸರಿ ಹೋಗ್ಲಿ. ಚಮಚ ಹೇಳು ನೋಡೋಣ." ಹೇಳಿದೆ. ತಪ್ಪಾಯಿತು.

ಹಲ್ಲಿನ ಡಾಕ್ಟರು ಆ ಗೋಡೆಗೆ ಬೇರೆಯವರನ್ನು ಕರೆಸಿರಲಿಲ್ಲ. ಸೋಮವಾರ ಹೋದಾಗ ಮಾವ ಬೀಳುವಾಗ ಎಳೆದ ಹಸಿರು ಗೀಟು ಹಾಗೇ ಇತ್ತು. ಅದರ ಕೆಳಗೆ ಕುರ್ಚಿ ಹಾಕಿಕೊಂಡು ರೋಗಿಗಳು ಕೆನ್ನೆ ಹಿಡಿದು ಕೂತಿದ್ದರು. ಅವರನ್ನು ಆಚೆ ಕಳಿಸಿ, ಟೈಲ್ಸಿನ ಮೇಲೆ ಗೋಣಿಚೀಲ ಹಾಸಿ, ಪಟ್ಟಿ ಹೊಡೆದ ಏಣಿಯನ್ನು ಆನಿಸಿದೆವು. ಚೀಟಿಗಳ ಉಂಗುರವನ್ನು ಮನೆಯಲ್ಲೇ ಬಿಟ್ಟಿದ್ದೆ.

ಮಾವ ಡಬ್ಬ ಹಿಡಿದು ಒಂದು ಮೆಟ್ಟಿಲು ಹತ್ತಿದರು. ಎರಡನೆಯದರಲ್ಲಿ ನಿಂತರು.

"ಹಿಡಿದ್ಯಾ?"

ಎರಡೂ ಕೈ ಬಿಗಿಮಾಡಿ, ಪಾದವನ್ನು ಬುಡಕ್ಕೆ ಒತ್ತಿ, ಒತ್ತಿದ್ದೇನೆಂದು ಖಾತ್ರಿ ಮಾಡಿಕೊಂಡು ಹೇಳಿದೆ.

"ಹಿಡಿದೆ."

ಮಾವ ಬಗ್ಗಿ ನೋಡಿದರು. ನನ್ನ ಮುಖವನ್ನಲ್ಲ, ಕೈಗಳನ್ನು. ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಪಾದ. ನಿಯಮ ಮಾಡಿದವರೇ ನಿಯಮ ಮುರಿದು, ನಿಧಾನವಾಗಿ, ಸಾಮಾನು ಎಣಿಸಿಕೊಳ್ಳುವವರ ಹಾಗೆ ನೋಡಿದರು. ಆಮೇಲೆ ಮೂರನೆಯ ಮೆಟ್ಟಿಲಿಗೆ ಕಾಲಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಗೀಟು ಮುಚ್ಚಿತು. ಅವತ್ತು ಮಾವ ಒಂಬತ್ತು ಸಲ ಏಣಿ ಹತ್ತಿದರು. ಒಂಬತ್ತು ಸಲವೂ ಕೇಳಿದರು, ಒಂಬತ್ತು ಸಲವೂ ಬಗ್ಗಿ ನೋಡಿದರು. ಗಿಣಿ ಎಂದು ಒಂದು ಸಲವೂ ಕರೆಯಲಿಲ್ಲ.